ಹರಿಗೋಲು ದುಂಡಗೇ ಏಕೆ?

ಪ್ರಶ್ನೆ: ತುಂಗಭದ್ರೆಯಲ್ಲಿ ಹರಿಗೋಲು ಏಕೆ ದುಂಡಗಿರುತ್ತದೆ? ಅದು ಗಿರಗಿರ ತಿರುಗದೆ ದಡ ಸೇರುವುದು ಹೇಗೆ?
– ಓದುಗರು, ನೀಲಗುಂದ

ಉತ್ತರ: ನಿಮ್ಮ ಸೀಮೆಯ ಹೊಳೆಯ ತಳವೆಲ್ಲ ಕಲ್ಲುಬಂಡೆ, ಬೇಸಿಗೆಯಲ್ಲಂತೂ ನೀರು ತೆಳು. ಉದ್ದ ದೋಣಿಯ ಚೂಪು ತಳ ಅಲ್ಲಿ ಸಿಕ್ಕಿಬೀಳುತ್ತದೆ. ಹರಿಗೋಲಿನ ಅಗಲ ತಳ ಹೆಚ್ಚು ಮುಳುಗದು. ಬಂಡೆಗೆ ತಾಗಿದರೂ ಬಿದಿರ ಹೆಣಿಗೆ ಬಾಗಿ ಜಾರಿಕೊಳ್ಳುತ್ತದೆ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು; ಈಗ ಫೈಬರ್‌ನವೂ ಇವೆ. ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಹುದಾದಷ್ಟು ಹಗುರವಾದವೂ ಉಂಟು.

ತಿರುಗುವ ದೂರು ಹಳೆಯದೇ! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಈ ಬುಟ್ಟಿದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಆದರೆ ಸದಾ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿದ್ದಾನೆ. ಒಂದೇ ಮಗ್ಗುಲಲ್ಲಿ ಹುಟ್ಟು ಹಾಕಿದರೆ ಸುತ್ತದೇ ಇನ್ನೇನು? ನುರಿತ ಅಂಬಿಗ ಮುಂದಕ್ಕೆ ಬಾಗಿ, ಹೋಗಬೇಕಾದ ದಿಕ್ಕಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸಿ ತಿರುಗುವುದನ್ನು ತಡೆಯುತ್ತಾನೆ. ಹರಿವು ಜೋರಿದ್ದರೆ ದಡದುದ್ದಕ್ಕೂ ಮೇಲಕ್ಕೆ ಹೋಗಿಯೇ ಹೊರಡುತ್ತಾನೆ. ಹೊಳೆ ಎಳೆದ ಮೇಲೆ ಸರಿಯಾದ ಜಾಗಕ್ಕೆ ಮುಟ್ಟಬೇಕಲ್ಲ!

ಇರಾಕಿನ ಟೈಗ್ರಿಸ್ ನದಿಯಲ್ಲೂ ಇಂಥ ದುಂಡು ದೋಣಿಗಳಿದ್ದವು. ಸೇತುವೆಗಳಾದ ಮೇಲೆ ನಮ್ಮಲ್ಲಿ ದಾಟಿಸುವ ಕೆಲಸ ಕಡಿಮೆಯಾಗಿದೆ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಿನ್ನೀರಿನಲ್ಲಿ ಬಲೆ ಬಿಡುವ ಮೀನುಗಾರರಿಗೆ ಮಾತ್ರ ಹರಿಗೋಲು ಇಂದಿಗೂ ದಿನದ ಸಲಕರಣೆ.