ಕಲಗಚ್ಚಿನ ಬಕೆಟ್ಟಿಗೆ ಒಮ್ಮೆ ಕೈಹಾಕಿ ನೋಡಿ

ಅಕ್ಕಂದಿರೇ, ನಾಳೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಮೇಲೆ ಒಂದು ಕೆಲಸ ಮಾಡಿ. ಕಲಗಚ್ಚಿನ ಬಕೆಟ್ಟನ್ನು ಹಸುವಿನ ಮುಂದೆ ಇಡುವ ಮೊದಲು ತೋಳು ಮೇಲೆ ಮಾಡಿ, ತಳದವರೆಗೂ ಕೈಹಾಕಿ ಒಮ್ಮೆ ಕಲಕಿ. ಕೈಗೆ ಸಿಕ್ಕಿದ್ದರಲ್ಲಿ ಹಸು ತಿನ್ನಬಾರದ್ದು ಏನಿದೆ ಅಂತ ನೋಡಿ. ನಾನು ಹೋದ ಮನೆಗಳಲ್ಲೆಲ್ಲ ಈಗ ಇದನ್ನೇ ಮೊದಲು ಮಾಡುತ್ತೇನೆ. ಬರಿಗೈಯಲ್ಲಿ ಎದ್ದದ್ದು ಕಡಿಮೆ. ಹಾಲಿನ ಕವರಿನ ಮೂಲೆಯ ಚೂರು, ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡು, ಟೀ ಪುಡಿ ಪೊಟ್ಟಣ, ಒಮ್ಮೆ ಒಂದು ಬ್ಲೇಡು.

ಈ ಅಭ್ಯಾಸ ಶುರುವಾದದ್ದು ಆನೇಕಲ್ ತಾಲ್ಲೂಕಿನ ಒಂದು ಮನೆಯಲ್ಲಿ. ಕೊಟ್ಟಿಗೆಯಲ್ಲಿ ನಿಂತರೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಕಾಣುವಷ್ಟು ಹತ್ತಿರದ ಊರು. ಮೂರನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು, ಕರು ಹಾಕಿ ಎರಡು ತಿಂಗಳಾಗಿತ್ತು. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದದ್ದು ಮೂರಕ್ಕೆ ಇಳಿದಿತ್ತು. ಹೊಟ್ಟೆ ಉಬ್ಬುತ್ತಿತ್ತು, ಔಷಧಿ ಕುಡಿಸಿದರೆ ಇಳಿಯುತ್ತಿತ್ತು, ನಾಲ್ಕು ದಿನಕ್ಕೆ ಮತ್ತೆ ಉಬ್ಬುತ್ತಿತ್ತು. ಮೇವು ಮೂಸಿ ಬಿಡುತ್ತಿತ್ತು. ಮೆಲುಕು ಹಾಕುವುದು ಹೆಚ್ಚುಕಮ್ಮಿ ನಿಂತೇಹೋಗಿತ್ತು. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದ್ದೂ ಆಗಿತ್ತು. ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿದರೆ ನಾದಿದ ಹಿಟ್ಟಿಗೆ ಒತ್ತಿದ ಹಾಗೆ ಗುರುತು ಹಾಗೇ ಉಳಿಯುತ್ತಿತ್ತು.

ಹಸುವನ್ನು ನಿಲ್ಲಿಸಿಕೊಂಡೇ, ಎಡಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೊಟ್ಟೆ ತೆರೆದೆವು. ಒಳಗೆ ಕೈಹಾಕಿ ಎಳೆದರೆ ಹಗ್ಗದಂತೆ ಹೊಸೆದುಕೊಂಡ ಪ್ಲಾಸ್ಟಿಕ್ಕು. ಎರಡು ಬಕೆಟ್ ತುಂಬಿತು. ಬಿಡಿಸುತ್ತಾ ಹೋದಂತೆ ಒಂದೊಂದರ ಗುರುತೂ ಸಿಕ್ಕಿತು. ಬಾಯಿಗೆ ಗಂಟು ಹಾಕಿದ ತರಕಾರಿ ಕವರುಗಳು, ಶಾಂಪೂ ಪೊಟ್ಟಣಗಳು, ಪಶು ಆಹಾರದ ಚೀಲ ಹೊಲಿದ ನೈಲಾನ್ ದಾರ, ಹಾಲಿನ ಕವರು, ಚಿಪ್ಸ್ ಪ್ಯಾಕೆಟ್ಟು.

ಹಗ್ಗ ಹಿಡಿದು ನಿಂತಿದ್ದ ಅತ್ತೆ ಸೊಸೆಯ ಕಡೆ ತಿರುಗಿ, "ಇದು ನಿನ್ನ ಶಾಂಪೂ ಅಲ್ವೇನಮ್ಮಾ?" ಅಂದರು. "ಗಂಟು ಹಾಕಿರೋದು ಯಾರು ಅಂತಾನೂ ನೋಡಿ ಅತ್ತೆ" ಅಂದರು ಸೊಸೆ. ಚಿಪ್ಸ್ ಪ್ಯಾಕೆಟ್ಟು ಈಚೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಮೊಮ್ಮಗ ಮೆಲ್ಲಗೆ ಒಳಕ್ಕೆ ಜಾರಿಕೊಂಡ. ತೀರ್ಪು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ತೋಳಿನವರೆಗೂ ಹಸುವಿನೊಳಗಿದ್ದೆ. ಆದರೆ ಮೂರು ತಲೆಮಾರಿನ ಕಸವೂ ಒಂದೇ ಹೊಟ್ಟೆಯಲ್ಲಿ ಇದ್ದದ್ದಂತೂ ನಿಜ.

ಹೊಲಿಗೆ ಮುಗಿದು ಕೈ ತೊಳೆದು ಕೂತಾಗ ಆ ಅಜ್ಜಿ ಹೇಳಿದರು: "ನಮ್ ಕಾಲ್ದಲ್ಲಿ ಮನೆಯಿಂದ ಕಸ ಅಂತ ಆಚೆ ಹೋಗ್ತಿದ್ದದ್ದೇ ಇರಲಿಲ್ಲ ಕಣಪ್ಪಾ." ಈ ಮಾತನ್ನು ನೀವೂ ನಿಮ್ಮ ಅತ್ತೆಯ ಬಾಯಲ್ಲಿ ಕೇಳಿರುತ್ತೀರಿ, ಕೇಳಿ ಬೇಸತ್ತೂ ಇರುತ್ತೀರಿ. ಆದರೆ ಅದು ಸುಳ್ಳಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ ಕಲಗಚ್ಚಿಗೆ. ಒಲೆಯ ಬೂದಿ ಪಾತ್ರೆ ಉಜ್ಜಲು. ಸಗಣಿ, ಗಂಜಲ, ಕೊಟ್ಟಿಗೆಯ ಕಸ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಸಂತೆಯಿಂದ ಹೂವು ಬಂದರೆ ಬಾಳೆ ಎಲೆಯಲ್ಲಿ, ಕಟ್ಟಿದ್ದು ಬಾಳೆ ನಾರಿನಲ್ಲಿ. ಊಟಕ್ಕೆ ಮುತ್ತುಗದ ಎಲೆ. ಅವರ ಕಾಲದಲ್ಲಿ ಪೊಟ್ಟಣ ಬಿಚ್ಚದೆ ಹಾಗೇ ಎಸೆದರೂ ಎಲೆಯೂ ಮೇವೇ, ನಾರೂ ಮೇವೇ. ಹಸು ತಿನ್ನದಿದ್ದರೆ ತಿಪ್ಪೆಯಲ್ಲಿ ಕೊಳೆಯುತ್ತಿತ್ತು.

ಅಜ್ಜಿಯ ಕೈ ಈಗಲೂ ಅದೇ ಅಭ್ಯಾಸದಲ್ಲಿದೆ. ಸಿಪ್ಪೆಯನ್ನು ಕವರಿಗೆ ತುಂಬಿ, ನೊಣ ಮುತ್ತದಿರಲಿ ಎಂದು ಗಂಟು ಹಾಕಿ, ಸಂಜೆಗೆ ಗಂಟಿನ ಸಮೇತ ಹಸುವಿನ ಮುಂದೆ. ಬುದ್ಧಿ ಹಳೆಯದು, ಒಳ್ಳೆಯದು. ಕಟ್ಟುವ ವಸ್ತು ಮಾತ್ರ ಬದಲಾಗಿದೆ. ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಸೊಸೆಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅವರು ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವವರು. ಬೆಂಗಳೂರಿನಲ್ಲಿ ಹೈಕೋರ್ಟು 2015ರ ಡಿಸೆಂಬರಿನಲ್ಲಿ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಜಾರಿಮಾಡಿದಂದಿನಿಂದ ಹಸಿ ಕಸ ಹಸಿರು ಡಬ್ಬಿಗೆ, ಕೊಳಕು ಕಸ ಕೆಂಪು ಡಬ್ಬಿಗೆ, ಒಣ ಕಸ ಚೀಲಕ್ಕೆ ಎಂಬುದು ಅವರಿಗೆ ಬಾಯಿಪಾಠ. ಬೇರೆಯವರ ನೂರು ಮನೆಯ ಕಸ ಬೇರ್ಪಡಿಸಿ ಬರುತ್ತಾರೆ. ತಮ್ಮ ಮನೆಗೆ ಬಂದರೆ ಎಲ್ಲವೂ ತಿಪ್ಪೆಗೆ. ಕಸದ ಗಾಡಿ ತಮ್ಮ ಬೀದಿಗೆ ಬರುವುದು ಅಪರೂಪ ಎನ್ನುತ್ತಾರೆ. ಅದೂ ಸುಳ್ಳಲ್ಲ. ಇತ್ತ ಹಾಸಿಗೆಯ ಕೆಳಗೆ ಹಳೇ ಕವರುಗಳನ್ನು ಮಡಿಸಿಟ್ಟು ಮತ್ತೆ ಮತ್ತೆ ಬಳಸುವವರು ಅತ್ತೆಯೇ. ಸೊಸೆ ದಿನಕ್ಕೊಂದು ಹೊಸ ಕವರು ತರುತ್ತಾರೆ. ಯಾರು ಪರಿಸರಸ್ನೇಹಿ ಎಂದು ಈ ಮನೆಯಲ್ಲಿ ಹೇಳಲು ನನಗಂತೂ ಆಗಲಿಲ್ಲ.

ಪ್ಲಾಸ್ಟಿಕ್ಕು ಹೊಟ್ಟೆಗೆ ಹೋದಮೇಲೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ. ಹಸು ಮೊದಲು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಬಾಯಲ್ಲಿ ಆರಿಸಿ ಉಗುಳುವುದು ಅದಕ್ಕೆ ಬರುವುದಿಲ್ಲ. ನುಂಗಿದ ಕವರು ದೊಡ್ಡ ಹೊಟ್ಟೆಯಲ್ಲಿ ಕರಗುವುದಿಲ್ಲ, ಮುಂದಿನ ಹೊಟ್ಟೆಗೆ ದಾಟುವ ಕಿಂಡಿ ಚಿಕ್ಕದು, ಅಲ್ಲಿಂದಲೂ ಹೋಗುವುದಿಲ್ಲ. ತಿಂಗಳುಗಟ್ಟಲೆ ಸೇರುತ್ತಾ ಸೇರುತ್ತಾ ಮೇವಿನ ಜಾಗವನ್ನು ಅದು ಆಕ್ರಮಿಸುತ್ತದೆ. ನೀವು ಹಾಕುವ ಫೀಡು, ಹಸಿ ಮೇವು ಎಲ್ಲಕ್ಕೂ ಅಷ್ಟು ಜಾಗ ಕಮ್ಮಿ. ಇದನ್ನು ಕರಗಿಸುವ ಔಷಧಿ ಯಾವುದೂ ಇಲ್ಲ. ಯಾರಾದರೂ ಇದೆ ಎಂದು ಮಾರಲು ಬಂದರೆ ಬಾಗಿಲಿನಿಂದಲೇ ಕಳಿಸಿ. ಪದೇ ಪದೇ ಉಬ್ಬರ, ಮೆಲುಕು ಕಮ್ಮಿ, ಸಗಣಿ ಕಮ್ಮಿ, ಹಾಲು ಇಳಿಕೆ, ಮೈ ಇಳಿಕೆ, ಇವು ಒಟ್ಟಿಗೆ ಕಂಡರೆ ಕಾಯಬೇಡಿ. ಹಸು ಬಟ್ಟೆ, ಚಪ್ಪಲಿ, ಕವರು ಅಗಿಯುವ ಚಟಕ್ಕೆ ಬಿದ್ದಿದ್ದರೆ ಅದಕ್ಕೆ ಖನಿಜಾಂಶದ, ಅದರಲ್ಲೂ ರಂಜಕದ ಕೊರತೆ ಇರಬಹುದು. ಖನಿಜ ಮಿಶ್ರಣವನ್ನು ದಿನವೂ ಕೊಡಿ, ಜಂತುಹುಳುವಿನ ಔಷಧಿ ತಪ್ಪಿಸಬೇಡಿ.

ಪೀಣ್ಯ, ದಾಸರಹಳ್ಳಿ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿ ಕವರಿಗಿಂತ ತಂತಿ ಚೂರಿನ ಭಯ. ವರ್ಕ್‌ಶಾಪಿನ ಪಕ್ಕದ ಖಾಲಿ ಸೈಟಿನಲ್ಲಿ ಮೇಯಲು ಬಿಟ್ಟ ಹಸು ಮೊಳೆ, ತಂತಿ ನುಂಗಿದರೆ ಅದು ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪರದೆ. ಹೊಟ್ಟೆ ಹಿಂಡಿದಾಗ ತಂತಿ ಅದನ್ನು ದಾಟಿ ಹೃದಯಕ್ಕೇ ಚುಚ್ಚಬಹುದು. ಹಸು ಬೆನ್ನು ಬಾಗಿಸಿ, ಮೊಣಕೈ ಹೊರಚಾಚಿ ನಿಂತು, ಇಳಿಜಾರಿನಲ್ಲಿ ಇಳಿಯಲು ನರಳಿದರೆ, ಗಂಗೆದೊಗಲಿನ ಹತ್ತಿರ ಊತ ಕಂಡರೆ, ತಕ್ಷಣ ಕರೆಯಿರಿ. ಹೊಟ್ಟೆಯಲ್ಲೇ ಉಳಿಯುವಂಥ ಅಯಸ್ಕಾಂತವನ್ನು ಮೊದಲೇ ನುಂಗಿಸುವುದೂ ಉಂಟು. ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ಅನ್ನದ ವಿಷಯ. ಇದು ಪ್ಲಾಸ್ಟಿಕ್ಕಿಗಿಂತ ಬೇಗ ಕೊಲ್ಲುತ್ತದೆ, ಆದರೆ ಇದನ್ನು ಯಾರೂ ಕಸ ಅಂದುಕೊಳ್ಳುವುದಿಲ್ಲ. ಅನ್ನ ಚೆಲ್ಲಬಾರದು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಅತ್ತೆಯ ಕಾಲದ ಕಲಗಚ್ಚಿನಲ್ಲಿ ಅನ್ನ ಎಷ್ಟಿರುತ್ತಿತ್ತು? ಮನೆಯಲ್ಲಿ ಮುದ್ದೆ, ಅನ್ನ ಹಬ್ಬಕ್ಕೆ. ಬಕೆಟ್ಟಿನಲ್ಲಿ ತೇಲುವುದು ನಾಲ್ಕು ಅಗುಳು, ಉಳಿದದ್ದೆಲ್ಲ ನೀರು. ಈಗ ವೈಟ್‌ಫೀಲ್ಡ್ ಕಡೆಯ ಕ್ಯಾಂಟೀನುಗಳಿಂದ, ಹೈವೇ ಪಕ್ಕದ ಛತ್ರಗಳಿಂದ ಡ್ರಮ್ಮುಗಟ್ಟಲೆ ಅನ್ನ ಬರುತ್ತದೆ. ಪುಕ್ಕಟೆ ಬಂದದ್ದನ್ನು ಬೇಡ ಎನ್ನಲು ಮನಸ್ಸು ಬಾರದು. ಮದುವೆ ಸೀಸನ್ನಿನಲ್ಲಿ ಸೋಮವಾರ ಬೆಳಿಗ್ಗೆ ನನ್ನ ಫೋನು ಯಾಕೆ ಬಡಿದುಕೊಳ್ಳುತ್ತದೆ ಎಂದು ನನಗೆ ಕೇಳದೆಯೇ ಗೊತ್ತಾಗುತ್ತದೆ.

ಬೆಂದ ಅನ್ನ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಆ ಹುಳಿಯಲ್ಲಿ ಸಾಯುತ್ತವೆ. ಹುಲ್ಲು ಅಗಿಯುವಾಗ ಬರುವ ಜೊಲ್ಲು ಹುಳಿ ಮುರಿಯುತ್ತದೆ, ಆದರೆ ಅನ್ನವನ್ನು ಅಗಿಯುವುದೇ ಇಲ್ಲವಲ್ಲ. ಹಸು ಮೇವು ಬಿಡುತ್ತದೆ, ಹೊಟ್ಟೆಯಲ್ಲಿ ನೀರು ಕುಲುಕಿದ ಸದ್ದು, ಹುಳಿ ವಾಸನೆಯ ತೆಳು ಸಗಣಿ, ಕುಡಿದವರಂತೆ ತೂರಾಟ, ಆಮೇಲೆ ಮಲಗಿದ್ದು ಏಳುವುದಿಲ್ಲ. ಒಂದು ರಾತ್ರಿ ಸಾಕು. ಬದುಕಿ ಉಳಿದರೂ ಕೆಲವಕ್ಕೆ ಗೊರಸು ನೋವು ಉಳಿದುಬಿಡುತ್ತದೆ. ಇಂಥದ್ದು ಕಂಡರೆ ಅನ್ನ, ಹಿಟ್ಟು, ಫೀಡು ಎಲ್ಲ ನಿಲ್ಲಿಸಿ, ಒಣ ಹುಲ್ಲು ಮಾತ್ರ ಮುಂದಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಎಷ್ಟು ತಿಂದಿದೆ, ಯಾವಾಗ ತಿಂದಿದೆ ಎಂಬುದನ್ನು ಮುಚ್ಚಿಡಬೇಡಿ. ಬೈಯುತ್ತಾರೆ ಎಂದು ಮುಚ್ಚಿಟ್ಟರೆ ಔಷಧಿ ತಪ್ಪುತ್ತದೆ.

ದಿನವೂ ಸ್ವಲ್ಪ ಸ್ವಲ್ಪ ಕೊಡುವವರಿಗೆ ಬೇರೆ ನಷ್ಟ. ಹಸು ಮಲಗುವುದಿಲ್ಲ, ಫ್ಯಾಟು ಮಲಗುತ್ತದೆ. ಹಾಲಿನ ಜಿಡ್ಡು ಹುಟ್ಟುವುದು ಹೆಚ್ಚಾಗಿ ನಾರಿನ ಮೇವಿನಿಂದ. ಅನ್ನ ಹೆಚ್ಚಾದಷ್ಟೂ ಡೈರಿಯ ಚೀಟಿಯಲ್ಲಿ ಫ್ಯಾಟು 3.5ರಿಂದ ಕೆಳಗೆ ಜಾರುತ್ತದೆ, ಬಟವಾಡೆಯಲ್ಲಿ ದುಡ್ಡು ಕಮ್ಮಿಯಾಗುತ್ತದೆ. ಆಗ ಮಿಷನ್ನು ಸರಿಯಿಲ್ಲ ಎಂದು ಕಾರ್ಯದರ್ಶಿಯ ಮೇಲೆ ಸಿಟ್ಟು. ಪುಕ್ಕಟೆ ಅನ್ನದ ಲೆಕ್ಕವನ್ನು ಅಲ್ಲಿ ಹಾಕಿ ನೋಡಿ. ಬೂಸ್ಟು ಹಿಡಿದ ಬ್ರೆಡ್ಡು, ಬನ್ನು ಅಂತೂ ಮುಟ್ಟಲೇಬೇಡಿ. ಕೆಲವು ಬೂಸ್ಟಿನ ವಿಷ ಹಾಲಿನಲ್ಲೇ ಇಳಿದು ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ.

ಹಾಗಾದರೆ ಅಪಾರ್ಟ್‌ಮೆಂಟಿನಿಂದ ಏನೂ ತರಬಾರದೇ? ತನ್ನಿ. ಹಸಿ ತರಕಾರಿ ಸಿಪ್ಪೆ, ಸೊಪ್ಪಿನ ಕಾಂಡ, ಎಲೆಕೋಸಿನ ಹೊರ ಎಲೆ, ಕಲ್ಲಂಗಡಿ ಸಿಪ್ಪೆ ಒಳ್ಳೆಯವೇ, ಒಣಹುಲ್ಲಿನ ಜೊತೆ ಮಿತವಾಗಿ. ಆದರೆ ಷರತ್ತು ನಿಮ್ಮದಿರಲಿ. ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡುವ ದೊಡ್ಡ ಸಮುಚ್ಚಯಗಳು ತಮ್ಮ ಹಸಿ ಕಸಕ್ಕೆ ಆದಷ್ಟೂ ತಮ್ಮಲ್ಲೇ ದಾರಿ ಮಾಡಬೇಕು ಎಂದು 2016ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳು ಹೇಳಿದವು. ಅಂದರೆ ನೀವು ಅವರ ಹತ್ತಿರ ಬೇಡುತ್ತಿಲ್ಲ, ಅವರ ಕೆಲಸ ಹಗುರ ಮಾಡುತ್ತಿದ್ದೀರಿ. ಬೇಯಿಸದ ಸಿಪ್ಪೆಗೆ ಬೇರೆ ಬಕೆಟ್ಟು ಇಡಿ, ಅದರಲ್ಲಿ ಕವರು, ಟಿಶ್ಯೂ, ಮೊಟ್ಟೆ, ಮಾಂಸ ಬಿದ್ದರೆ ಒಯ್ಯುವುದಿಲ್ಲ ಎಂದು ಅಸೋಸಿಯೇಷನ್ನಿನವರಿಗೆ ನೇರವಾಗಿ ಹೇಳಿ. ಅಲ್ಲಿ ಡಬ್ಬಿ ಎತ್ತುವವರು ನಿಮ್ಮೂರಿನ ಹೆಂಗಸರೇ ಅಲ್ಲವೇ, ಅವರ ಕಿವಿಗೂ ಹಾಕಿ.

ತಿಪ್ಪೆಯ ಬಗ್ಗೆಯೂ ಒಂದು ಮಾತು. 1930ರ ದಶಕದ ಕೊನೆಯಲ್ಲಿ ಆಚಾರ್ಯ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿ ಊರ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಹೊರದೇಶದ ಪುಸ್ತಕಗಳಲ್ಲೂ ಅದಕ್ಕೆ 'ಬೆಂಗಳೂರು ವಿಧಾನ' ಎಂದೇ ಹೆಸರು. ಅವತ್ತಿನ ಊರ ಕಸದಲ್ಲಿ ಕೊಳೆಯದ್ದು ಕಮ್ಮಿ ಇತ್ತು. ಅದೇ ಬೆಂಗಳೂರಿನ ಕಸ ಆಮೇಲೆ ಮಂಡೂರಿನಲ್ಲಿ ಗುಡ್ಡವಾಗಿ ಬಿತ್ತು, ಲಾರಿ ಬರುವುದು ನಿಲ್ಲಲು 2014ರಲ್ಲಿ ಊರವರು ರಸ್ತೆಗಿಳಿಯಬೇಕಾಯಿತು. ಆ ಕಡೆಯ ಅಕ್ಕಂದಿರಿಗೆ ನಾನು ಹೇಳಬೇಕಾದ್ದಿಲ್ಲ. ನಿಮ್ಮ ತಿಪ್ಪೆಯನ್ನು ಚಿಕ್ಕ ಮಂಡೂರು ಮಾಡಬೇಡಿ. ಹೇಳಲು ಸಂಕೋಚ, ಆದರೂ ಹೇಳುತ್ತೇನೆ: ಮಗುವಿನ ಡಯಾಪರು, ಪ್ಯಾಡು ತಿಪ್ಪೆಗೆ ಬೇಡ. ಅವೂ ಹಸುವಿನ ಬಾಯಿಗೆ ಹೋಗುತ್ತವೆ. ಕಾಗದದಲ್ಲಿ ಸುತ್ತಿ ಬೇರೆಯಾಗಿ ಗಾಡಿಗೇ ಕೊಡಿ. ಗಾಡಿ ಬರದಿದ್ದರೆ ಸಂಘದ ಸಭೆಯಲ್ಲಿ ಹತ್ತು ಜನ ಸೇರಿ ಪಂಚಾಯಿತಿಗೆ ಅರ್ಜಿ ಬರೆಯಿರಿ. ಒಬ್ಬರ ದೂರಿಗಿಂತ ಹತ್ತು ರುಜುವಿಗೆ ಬೆಲೆ ಹೆಚ್ಚು.

ಆನೇಕಲ್ಲಿನ ಆ ಹಸು ಬದುಕಿತು. ಆ ಸೂಲಿನಲ್ಲಿ ಹೊತ್ತಿಗೆ ಐದು ಲೀಟರಿನ ಮೇಲೆ ಏರಲಿಲ್ಲ. ಈಗ ಮತ್ತೆ ಗಬ್ಬವಾಗಿದೆ. ಕೊಟ್ಟಿಗೆಯ ಮುಂದೆ ಬಕೆಟ್ಟಿನ ಪಕ್ಕ ಒಂದು ಗೋಣಿಚೀಲ ತೂಗುಹಾಕಿದ್ದಾರೆ. ಗಂಟು ಬಿಚ್ಚುವುದು ಅಜ್ಜಿ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಬಿಡುವುದು ಸೊಸೆ, ಅಪಾರ್ಟ್‌ಮೆಂಟಿನಲ್ಲಿ ಕಲಿತದ್ದಂತೆ. ಕವರು ತೊಳೆದು ಒಣಗಿಸಿ ಚೀಲಕ್ಕೆ ತುಂಬುವುದು ಮೊಮ್ಮಗನ ಪಾಲು. ಗುಜರಿಯವನು ಹಾಲಿನ ಕವರಿಗೆ ಕೊಡುವ ದುಡ್ಡೂ ಅವನದೇ. ಅದರಲ್ಲಿ ಅವನು ಮತ್ತೆ ಚಿಪ್ಸ್ ತರುತ್ತಾನೆ ಎಂದು ಮೊನ್ನೆ ಹೋದಾಗ ಅಜ್ಜಿ ದೂರು ಹೇಳಿದರು.