ಶೆಡ್ಡಿನ ಬಾಗಿಲು ಗುಜರಿಗೆ ಹಾಕುವ ಮುನ್ನ

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಒಂಟಿಕೊಪ್ಪಲು, ಲಕ್ಷ್ಮೀಪುರಂ ಕಡೆ ಹಳೆಯ ಮನೆಗಳ ಮಗ್ಗುಲಲ್ಲಿ ಎರಡು ಕದದ ಮರದ ಬಾಗಿಲಿರುವ ಕಾರ್ ಶೆಡ್ಡುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಫಿಯೆಟ್ಟು, ಅಂಬಾಸಿಡರ್ ಕಾಲದವು. ಅಂಬಾಸಿಡರ್ ಅಗಲ ಐದೂವರೆ ಅಡಿಯೊಳಗೇ ಇತ್ತು. ಇಂದಿನ ಇನ್ನೋವಾ ಆರಡಿ. ಹೊಸ ಕಾರು ಬೀದಿಯಲ್ಲಿ ನಿಲ್ಲುತ್ತದೆ, ಶೆಡ್ಡಿಗೆ ಸ್ಕೂಟರು, ಹಳೆಯ ಪಾತ್ರೆ, ತೆಂಗಿನಕಾಯಿ ಮೂಟೆ ಸೇರುತ್ತವೆ. ಬಾಗಿಲು ನೆಲಕ್ಕೆ ಜೋತು ಉಜ್ಜತೊಡಗಿದರೆ ಗುತ್ತಿಗೆದಾರರು ಹೇಳುವುದು ಒಂದೇ ಮಾತು: ಕಿತ್ತುಹಾಕಿ, ರೋಲಿಂಗ್ ಶಟರ್ ಹಾಕಿಸಿಬಿಡಿ.

ಒಪ್ಪುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಕೂರಿ. ಕದದ ತಳದ ಅರ್ಧ ಅಡಿ, ಹಿಂಜುಗಳ ಸುತ್ತ, ಹಲಗೆ ಪಟ್ಟಿಗಳು ಕೂಡುವ ಜಾಗ, ಎಲ್ಲ ಕಡೆ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಅಲ್ಲಿ ಮರ ಕೊಳೆತಿದೆ. ಬಹುತೇಕ ಬಾಗಿಲುಗಳಲ್ಲಿ ಹೀಗೆ ಕೊಳೆತಿರುವುದು ತಳ ಮಾತ್ರ. ಮರ ನೀರು ಕುಡಿಯುವುದು ಮುಖ್ಯವಾಗಿ ಹಲಗೆಯ ಕೊಯ್ದ ತುದಿಯಿಂದ. ಮಳೆಗಾಲದಲ್ಲಿ ನೆಲದಿಂದ ಸಿಡಿದ ನೀರನ್ನು ಆ ತುದಿ ವರ್ಷಗಟ್ಟಲೆ ಹೀರಿರುತ್ತದೆ, ಯಾಕೆಂದರೆ ಬಣ್ಣ ಹೊಡೆದವರು ಕಾಣದ ಆ ಅಂಚಿಗೆ ಬ್ರಷ್ ತಾಗಿಸಿರುವುದಿಲ್ಲ. ಮೇಲಿನ ಏಳಡಿ ತೇಗ ಕಬ್ಬಿಣದಂತೆ ಗಟ್ಟಿಯಾಗಿಯೇ ಇರುತ್ತದೆ. ಅಂಥ ಬಾಗಿಲಿಗೆ ತಳದ ಪಟ್ಟಿ ಬದಲಿಸಿದರೆ ಸಾಕು.

ಗೆದ್ದಲಿನ ಮಾತು ಬೇರೆ. ಚೌಕಟ್ಟಿನ ಮೇಲೆ ಮಣ್ಣಿನ ಸಾಲು ಕಂಡರೆ ಅದು ಗೆದ್ದಲು. ಗುಂಡುಸೂಜಿಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳು. ಗೆದ್ದಲು ಗೋಡೆಯೊಳಗಿನ ಚೌಕಟ್ಟನ್ನು ಹಿಡಿದಿದ್ದರೆ ಕದ ಮಾತ್ರ ಹೊಸದು ಮಾಡಿ ಪ್ರಯೋಜನವಿಲ್ಲ. ಎರಡೂ ಹೋಗಬೇಕು, ಗೋಡೆಯ ಬುಡಕ್ಕೂ ಗೆದ್ದಲಿನ ಔಷಧಿ ಬೀಳಬೇಕು.

ಹಳೆಯ ಬಣ್ಣ ತೆಗೆಯುವಾಗಿನ ಅಪಾಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ತಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ಕೆಲಸ ಮಾಡಿ. ಒಣದಾಗಿ ಉಜ್ಜಬೇಡಿ, ಬೆಂಕಿ ತೋರಿಸಿ ಸುಲಿಯಬೇಡಿ. ನೀರು ಹಾಕಿ ಉಜ್ಜುವ ಕಾಗದ ಬಳಸಿ, ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

ಕದ ಇಳಿಸುವುದು ಒಬ್ಬರ ಕೆಲಸವಲ್ಲ. ಎಂಟಡಿ ಎತ್ತರ, ನಾಲ್ಕಡಿ ಅಗಲ, ಒಂದೂವರೆ ಇಂಚು ದಪ್ಪದ ತೇಗದ ಕದ ಸುಮಾರು 70 ಕೆ.ಜಿ. ತೂಗುತ್ತದೆ. ಕೆಳಗೆ ಬೆಣೆ ಕೊಟ್ಟು, ಇನ್ನೊಬ್ಬರು ಹಿಡಿದಿರುವಾಗ ಮೊದಲು ಕೆಳಗಿನ ಹಿಂಜು, ಕೊನೆಗೆ ಮೇಲಿನದು ಬಿಚ್ಚಬೇಕು. ಶೆಡ್ಡಿನ ಕಿಟಕಿಯನ್ನೂ ಬದಲಿಸುವುದಾದರೆ ಅದನ್ನು ಇಡಿಯಾಗಿ ಕೀಳಲು ಹೋಗಬೇಡಿ. ಚೌಕಟ್ಟಿನ ಅಡ್ಡಮರಗಳ ತುದಿ ಗೋಡೆಯೊಳಗೆ ಹೂತಿರುತ್ತದೆ. ಎಳೆದರೆ ಗಾರೆಯೂ ಇಟ್ಟಿಗೆಯೂ ಜೊತೆಗೇ ಬರುತ್ತವೆ. ಅಡ್ಡಮರವನ್ನು ನಡುವೆ ಗರಗಸದಿಂದ ಕೊಯ್ದು ತುಂಡುತುಂಡಾಗಿ ಒಳಕ್ಕೆ ಬಾಗಿಸಿ ತೆಗೆಯಿರಿ. ಅದಕ್ಕೂ ಮುಂಚೆ, ಮೇಲಿನ ಗೋಡೆಯ ಭಾರ ಹೊತ್ತಿರುವುದು ಕಲ್ಲಿನ ಚಪ್ಪಡಿಯೋ ಬರೀ ಚೌಕಟ್ಟೋ ನೋಡಿಕೊಳ್ಳಿ. ಬರೀ ಚೌಕಟ್ಟಾದರೆ ಆ ಭಾಗವನ್ನು ಮೇಸ್ತ್ರಿಗೆ ಬಿಡಿ.

ಹೊಸ ಕದಕ್ಕೆ ಅಳತೆ ತೆಗೆಯುವಾಗ ಅಗಲವನ್ನು ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ, ಮೂಲೆಯಿಂದ ಮೂಲೆಗೂ ಅಳೆಯಿರಿ. ಹಳೆಯ ಗೋಡೆಗಳಲ್ಲಿ ಮೂಲೆ ನೇರವಾಗಿರುವುದು ಅಪರೂಪ. ಚೆನ್ನಾಗಿ ಒಣಗಿದ ಮರದಲ್ಲಿ ತೇವ ಶೇ 12ರ ಆಸುಪಾಸು ಇರಬೇಕು. ಮರ ಹಿಗ್ಗುವುದು ಕುಗ್ಗುವುದು ಅಗಲದಲ್ಲಿ, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮಾರ್ಚಿಯಲ್ಲಿ ಕೂರಿಸುವ ಕದಕ್ಕೆ ಬದಿಯಲ್ಲಿ ಒಂದೆರಡು ನೂಲು ಸಂದು ಬಿಡಬೇಕು, ಆಷಾಢದಲ್ಲಿ ಅದು ಹಿಗ್ಗುತ್ತದೆ. ಪ್ಲೈವುಡ್ ಬಳಸುವುದಾದರೆ ಐಎಸ್ 710 ಗುರುತಿನದೇ ಬೇಕು. 303 ಒಳಗಿನ ಬೀರುವಿಗೆ, ಮಳೆಗಲ್ಲ.

ಹಲಗೆ ಬಾಗಿಲಿನ ಜೀವ ಇರುವುದು ಅದರ ಓರೆಪಟ್ಟಿಯಲ್ಲಿ. ಅದರ ಕೆಳತುದಿ ಹಿಂಜಿನ ಕಡೆ, ಮೇಲ್ತುದಿ ಚಿಲಕದ ಕಡೆ ಇರಬೇಕು. ಆಗ ಕದದ ಭಾರ ಪಟ್ಟಿಯನ್ನು ಒತ್ತುತ್ತ ಕೆಳಗಿನ ಹಿಂಜಿಗೆ ಇಳಿಯುತ್ತದೆ. ತಿರುಗಿಸಿ ಹೊಡೆದರೆ ಅದೇ ಭಾರ ಪಟ್ಟಿಯನ್ನು ಎಳೆಯುತ್ತದೆ, ಮೊಳೆಗಳು ಸಡಿಲಗೊಂಡು ಕದ ಜೋಲುತ್ತದೆ. ಮೊಳೆ ಹೊಡೆಯುವ ಮುನ್ನ ಕದವನ್ನು ನೆಲಕ್ಕೆ ಮಲಗಿಸಿ, ಹಿಂಜು ಯಾವ ಬದಿಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಭಾರದ ಕದಕ್ಕೆ ಹಿಂಜು ಮೂರು ಬೇಕು. ನೆಲದಿಂದ ಅರ್ಧ ಇಂಚು ಎತ್ತರ, ಮತ್ತು ಏರಿಸುವ ಮೊದಲೇ ತಳದ ಅಂಚಿಗೆ ಪ್ರೈಮರ್, ಎರಡು ಕೋಟು ಬಣ್ಣ. ಏರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಕಿಟಕಿಯ ಕೆಳಮರಕ್ಕೆ ಹೊರಗಡೆಗೆ ಇಳಿಜಾರಿರಲಿ, ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆಯಿರಿ. ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಇಳಿಸಿದ ಕದದಲ್ಲಿ ಕೊಳೆತದ್ದನ್ನು ಮಾತ್ರ ಕೊಯ್ದು ಬಿಸಾಡಿ, ಬಣ್ಣ ಹತ್ತಿದ ತುಂಡನ್ನು ಒಲೆಗೆ ಹಾಕಬೇಡಿ. ಉಳಿದ ತೇಗ ದಶಕಗಳಿಂದ ಒಣಗಿ ಹದಗೊಂಡ ಮರ, ಇಂದು ಡಿಪೋದಲ್ಲಿ ಸಿಗುವ ಎಳೆ ತೇಗಕ್ಕಿಂತ ಮೇಲು. ದಯವಿಟ್ಟು ಅದನ್ನು ತೂಕದ ಲೆಕ್ಕದಲ್ಲಿ ಮಾರಬೇಡಿ. ಹೊಸ ಕಿಟಕಿಯ ಕದಗಳಿಗೆ ಬೇಕಾದ ಮರ ಅದರಲ್ಲೇ ಇದೆ.