ಸಂಕಮ್ಮನ ಕತೆಗೆ ಅಳುವವರು

ಮನಸ್ಸು ಭಾರ ಆದಾಗ ಖುಷಿಯ ಹಾಡು ಕೇಳಬೇಕು ಅಂತ ಎಲ್ಲರೂ ಹೇಳ್ತಾರೆ. ಆದರೆ ನಾವು ಹುಡುಕೋದು ದುಃಖದ ಹಾಡನ್ನೇ. ಇದು ಯಾಕೆ ಹೀಗೆ? ಬೆಂಗಳೂರಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೋಡ್ ಬರೆಯುವ ನನಗೆ, ಇದಕ್ಕೆ ಉತ್ತರ ಸಿಕ್ಕಿದ್ದು ಊರ ಕಡೆಯ ಕಂಸಾಳೆ ಹಾಡಿನಲ್ಲಿ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಮಾದಪ್ಪನ ಕತೆ ಹೊಸದಲ್ಲ. ದೇವರ ಗುಡ್ಡರು ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ ಹಿಡಿದು ರಾತ್ರಿಯಿಡೀ ಹಾಡ್ತಾರೆ. ಮುಖ್ಯ ಹಾಡುಗಾರ ಒಂದು ಸೊಲ್ಲು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡೀತಾರೆ. ಕತೆ ಎಲ್ಲರದ್ದು, ಆದರೆ ಮಾತು ಬೆಳೆಸೋದು, ರಾಗ ಎಳೆಯೋದು, ಎಲ್ಲಿ ನಿಲ್ಲಿಸಬೇಕು ಅನ್ನೋದು ಹಾಡುವವನಿಗೇ ಬಿಟ್ಟಿದ್ದು. ಈಗಿನವರು ತಾವೇ ಬರೆದು ತಾವೇ ಹಾಡುವವರನ್ನು ಮೆಚ್ಚುತ್ತೀವಲ್ಲ, ನಮ್ಮ ಗುಡ್ಡರೂ ಒಂದು ರೀತಿಯಲ್ಲಿ ಅವರೇ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದು 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಯಿತು.

ಈ ಮಹಾಕಾವ್ಯದಲ್ಲಿ ಎಷ್ಟೋ ‘ಸಾಲು’ಗಳಿವೆ. ಹೆಂಗಸರು ಎದ್ದು ಹೋಗದೆ ಕೂರೋದು ಸಂಕಮ್ಮನ ಸಾಲಿಗೆ. ಸಂಕಮ್ಮನಿಗೆ ಮಕ್ಕಳಿಲ್ಲ. ಗಂಡ ನೀಲೇಗೌಡ ಮಲೆಗೆ ಹೊರಟವನು, ‘ನಾನಿಲ್ಲದಾಗ ತಪ್ಪಿ ನಡೆಯಲ್ಲ ಅಂತ ಬಲಗೈ ಭಾಷೆ ಕೊಡು’ ಅಂತಾನೆ. ಅವಳು ಕೊಡಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಅನ್ನೋದು ಅವಳ ಹಟ. ಅವನು ಹಿಂಸೆ ಕೊಟ್ಟು, ಮಾಟ ಮಾಡಿ, ಗುಡಿಸಲಲ್ಲಿ ಕಟ್ಟಿಹಾಕಿ ಹೋಗ್ತಾನೆ. ಅವಳ ಗೋಳು ಕೇಳಿ ಮಾದಪ್ಪ ಜಂಗಮನಾಗಿ ಬರ್ತಾನೆ, ಬಿಡಿಸ್ತಾನೆ, ಮಕ್ಕಳ ವರವನ್ನೂ ಕೊಡ್ತಾನೆ. ಆದರೆ ಹುಟ್ಟಿದ ಮಕ್ಕಳು ತನಗೆ ಒಕ್ಕಲಾಗಬೇಕು ಅನ್ನೋದು ಕರಾರು. ಗಂಡ ವಾಪಸ್ ಬಂದು ಬಸುರಿ ಹೆಂಡತಿಯನ್ನು ನೋಡಿ ಮತ್ತೆ ಅನುಮಾನ ಪಡ್ತಾನೆ. ಅವಳು ಪರೀಕ್ಷೆಗಳನ್ನು ಗೆಲ್ತಾಳೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ, ಮಾದಪ್ಪನವರಾಗ್ತಾರೆ.

ನಮ್ಮ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಮದುವೆ ಮನೆಯಲ್ಲಿ ಆರತಿ ತಟ್ಟೆ ಹಿಡಿಯೋಕೆ ಅವರನ್ನು ಯಾರೂ ಕರೀತಿರಲಿಲ್ಲ. ಅದಕ್ಕೆ ಅವರು ಅತ್ತಿದ್ದನ್ನು ಮನೆಯಲ್ಲಿ ನಾವ್ಯಾರೂ ನೋಡಿಲ್ಲ. ಆದರೆ ಎಲ್ಲಾದರೂ ಸಂಕಮ್ಮನ ಕತೆ ಮಾಡಿಸ್ತಾರೆ ಅಂದರೆ ಮುಂದೆ ಹೋಗಿ ಕೂರೋರು. ನಾನು ಗಮನಿಸಿದ ಒಂದು ವಿಷಯ: ಗಂಡ ಹಿಂಸೆ ಕೊಡುವಾಗ ದೊಡ್ಡವ್ವ ಹಲ್ಲು ಕಚ್ಚಿ ಕೂತಿರೋರು. ಕಣ್ಣೀರು ಬರ್ತಿದ್ದುದು ಮಕ್ಕಳನ್ನು ಮಾದಪ್ಪನಿಗೆ ಒಪ್ಪಿಸುವ ಜಾಗದಲ್ಲಿ. ಅಕ್ಕಪಕ್ಕದವರೂ ಸೆರಗಲ್ಲಿ ಕಣ್ಣು ಒರೆಸ್ಕೊತಿದ್ದರು. ‘ಯಾಕೆ ಅಳ್ತೀಯ’ ಅಂತ ಅಲ್ಲಿ ಯಾರೂ ಕೇಳ್ತಿರಲಿಲ್ಲ.

ಒಂದ್ಸಲ ನಾನೇ ಕೇಳಿದೆ, ಗೊತ್ತಿರೋ ಕತೆಗೆ ಪ್ರತಿ ಸಲ ಯಾಕೆ ಅಳ್ತೀರ ಅಂತ. ‘ನನ್ ನೋವ ಇನ್ನೊಬ್ರು ಏಳ್ಕೊಟ್ಟಂಗ ಆಯ್ತದ ಕನ ಮಗ’ ಅಂದರು. ಅಷ್ಟೇ.

ಈ ಮಾತು ಮತ್ತೆ ನೆನಪಾಗಿದ್ದು ಇಂಗ್ಲೆಂಡಿನ ನಿಕ್ ಡ್ರೇಕ್ ಅನ್ನೋ ಹುಡುಗನ ‘ಪಿಂಕ್ ಮೂನ್’ ಆಲ್ಬಂ ಕೇಳಿದಾಗ. 1971ರ ಅಕ್ಟೋಬರಿನಲ್ಲಿ ಎರಡು ರಾತ್ರಿಯಲ್ಲಿ ರೆಕಾರ್ಡ್ ಆಗಿದ್ದು, ಒಟ್ಟು 28 ನಿಮಿಷ. ಅವನ ದನಿ, ಗಿಟಾರ್, ಒಂದೇ ಹಾಡಲ್ಲಿ ಚೂರು ಪಿಯಾನೊ. 1972ರಲ್ಲಿ ಬಿಡುಗಡೆಯಾದಾಗ ಕೊಂಡವರು ತೀರಾ ಕಮ್ಮಿ. ಖಿನ್ನತೆಯಲ್ಲಿ ಬೆಂದ ಅವನು 1974ರಲ್ಲಿ, 26ನೇ ವಯಸ್ಸಿಗೇ ತೀರಿಹೋದ. 1999ರ ಕೊನೆಗೆ ಒಂದು ಕಾರಿನ ಜಾಹೀರಾತಲ್ಲಿ ಆ ಹಾಡು ಬಂದ ಮೇಲೆ ಜನ ಹುಡುಕಿ ಕೇಳೋಕೆ ಶುರು ಮಾಡಿದರು. ಅವನ ನೋವಿಗೆ ‘ಹೂಂ’ ಅನ್ನುವವರು ಲೆಕ್ಕವಿಲ್ಲದಷ್ಟು ಸಿಕ್ಕರು. ಆದರೆ ಕೇಳೋಕೆ ಅವನೇ ಇರಲಿಲ್ಲ.

ಎರಡೂ ದುಃಖದ ಹಾಡುಗಳೇ, ಕೇಳುವ ರೀತಿ ಮಾತ್ರ ಬೇರೆ. ಆಲ್ಬಂನ ನಾನು ರಾತ್ರಿ ರೂಮಿನಲ್ಲಿ ಒಬ್ಬನೇ ಕೇಳ್ತೀನಿ. ನನ್ನ ಹಾಗೇ ಇನ್ನೊಬ್ಬ ಇದ್ದ ಅನ್ನೋ ಸಮಾಧಾನ ಸಿಗುತ್ತೆ, ಅದು ಸಣ್ಣದೇನಲ್ಲ. ಆದರೆ ಹಾಡಿದವನಿಗೆ ನಾನು ಕಾಣಲ್ಲ, ಪಕ್ಕದ ರೂಮಿನವನಿಗೂ ಕಾಣಲ್ಲ. ಕಂಸಾಳೆ ಹಾಡುವವನಿಗೆ ಎದುರು ಕೂತವರ ಮುಖ ಕಾಣುತ್ತೆ. ಹೆಂಗಸರ ಕಣ್ಣು ತುಂಬಿದ್ದು ಕಂಡರೆ ಆ ಸೊಲ್ಲನ್ನು ಇನ್ನೊಂದು ಸಲ ಎಳೀತಾನೆ. ಅಳುವವರಿಗೆ ಅಷ್ಟು ಹೊತ್ತು ಹೆಚ್ಚಿಗೆ ಸಿಗುತ್ತೆ.

ಈಗ ಮಾದಪ್ಪನ ಹಾಡುಗಳೆಲ್ಲ ಮೊಬೈಲಿಗೇ ಬಂದಿವೆ. ‘ಸೋಜುಗಾದ ಸೂಜುಮಲ್ಲಿಗೆ’ಯನ್ನು ಕನ್ನಡ ಬಾರದವರೂ ಮೆಚ್ಚಿ ಕೇಳ್ತಾರೆ. ಸಂತೋಷದ ವಿಷಯವೇ. ಆದರೆ ಸಂಕಮ್ಮನ ಸಾಲನ್ನು ಮಾತ್ರ ಒಬ್ಬರೇ ಕೇಳಬೇಡಿ. ಶಿವರಾತ್ರಿಗೋ, ಯುಗಾದಿಗೋ, ದೀಪಾವಳಿಗೋ ಬೆಟ್ಟದ ಜಾತ್ರೆಗೆ ಹೋದರೆ ಮನೆಯ ಹಿರಿಯ ಹೆಂಗಸರನ್ನೂ ಜೊತೆಗೆ ಕರ್ಕೊಂಡು ಹೋಗಿ. ಕತೆ ನಡೀತಿದ್ದರೆ ಅವರ ಪಕ್ಕ ಕೂತ್ಕೊಳ್ಳಿ. ಅವರು ಎಲ್ಲಿ ಅಳ್ತಾರೆ ಅಂತ ಸುಮ್ಮನೆ ನೋಡಿ. ಯಾಕೆ ಅಂತ ಕೇಳಬೇಡಿ.